ಹಲಗೆಯಲ್ಲಿ ಅಳಿಸಿದ್ದು

(ಮೈಸೂರಿನ ಒಂದು ಮನೆಯ ವರಾಂಡ. ರಾಮಣ್ಣ ಅಚ್ಚುಮೊಳೆಯ ಕಾಲದಿಂದ ಕಂಪ್ಯೂಟರಿನ ಕಾಲದವರೆಗೂ ಕರಡು ತಿದ್ದುತ್ತಿದ್ದು ಈಗ ನಿವೃತ್ತರು. ವೀಣಾ ಬ್ಯಾಂಕಿನಲ್ಲಿ ಕೆಲಸ ಮಾಡುವ ಕಥೆಗಾರ್ತಿ. ಒಂದು ಕಥಾಸಂಕಲನ ಬಂದಿದೆ, ಕಾದಂಬರಿ ಅರ್ಧಕ್ಕೆ ನಿಂತಿದೆ.)

ವೀಣಾ: ಒಂದು ನೋಟ್‌ಬುಕ್ ತುಂಬ ಲೇಖಕರ ದಿನಚರಿ ಬರೆದಿಟ್ಟುಕೊಂಡಿದ್ದೀನಿ ಸರ್. ಯಾರು ಎಷ್ಟು ಗಂಟೆಗೆ ಏಳುತ್ತಿದ್ದರು, ದಿನಕ್ಕೆ ಎಷ್ಟು ಪುಟ, ನಿಂತು ಬರೆಯುತ್ತಿದ್ದರೋ ಕೂತೋ. ಎಲ್ಲ ಇದೆ. ನನ್ನ ಕಾದಂಬರಿ ಮಾತ್ರ ಒಂದು ಸಾಲೂ ಮುಂದೆ ಹೋಗಿಲ್ಲ.

ರಾಮಣ್ಣ: ಮೊದಲನೇ ಹೆಸರು ಯಾರದು?

ವೀಣಾ: ಆಂಟನಿ ಟ್ರಾಲಪ್. ಇಂಗ್ಲೆಂಡಿನ ಅಂಚೆ ಇಲಾಖೆಯಲ್ಲಿ ಅಧಿಕಾರಿ. ಬೆಳಗಿನ ಐದೂವರೆಗೆ ಮೇಜಿನ ಮುಂದೆ ಹಾಜರು. ಕಾಫಿ ಕೊಟ್ಟು ಎಬ್ಬಿಸುವುದಕ್ಕೆಂದೇ ಆಳಿಗೆ ವರ್ಷಕ್ಕೆ 5 ಪೌಂಡ್ ಹೆಚ್ಚಿಗೆ ಕೊಡುತ್ತಿದ್ದನಂತೆ. ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ. ಇದನ್ನೆಲ್ಲ ಆತ್ಮಚರಿತ್ರೆಯಲ್ಲಿ ಅವನೇ ಹೇಳಿಕೊಂಡಿದ್ದಾನೆ. ಅವನು ತೀರಿಕೊಂಡ ಮೇಲೆ, 1883ರಲ್ಲಿ ಅದು ಅಚ್ಚಾಯಿತು. ಓದಿದವರು, ಇವನೇನು ಕಾದಂಬರಿಕಾರನೋ ಲೆಕ್ಕದ ಗುಮಾಸ್ತನೋ ಅಂತ ಮೂಗು ಮುರಿದರು.

ರಾಮಣ್ಣ: ಕೆಲಸವನ್ನು ಕೆಲಸ ಅಂದದ್ದಕ್ಕೆ ಮರ್ಯಾದೆ ಹೋಯಿತು ಪಾಪ. ನಮ್ಮಲ್ಲಿ ತಾನು ಬರೆಯುವ ಕ್ರಮ ಇಂಥದು ಅಂತ ಸ್ಪಷ್ಟವಾಗಿ ಹೇಳಿದವನು ಕುಮಾರವ್ಯಾಸ. ಅವನು ನಿನ್ನ ನೋಟ್‌ಬುಕ್ಕಿನಲ್ಲಿ ಇದ್ದಾನೋ?

ವೀಣಾ: ಇದ್ದಾನೆ. ಗದುಗಿನ ವೀರನಾರಾಯಣ ದೇವಸ್ಥಾನದ ಬಾವಿಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಕಂಬಕ್ಕೆ ಒರಗಿ ಕೂತು, ಬಟ್ಟೆ ಆರುವವರೆಗೆ ಬರೆಯುತ್ತಿದ್ದ ಅಂತ.

ರಾಮಣ್ಣ: ಅದು ಊರಿನವರು ಕಟ್ಟಿದ ಕಥೆ. ಬಯಲುಸೀಮೆಯ ಬೇಸಿಗೆಯಲ್ಲಿ ಬಟ್ಟೆ ಎಷ್ಟು ಹೊತ್ತು ಒದ್ದೆ ಇರುತ್ತೆ ಹೇಳು? ಆ ಲೆಕ್ಕದಲ್ಲಿ ಹತ್ತು ಪರ್ವ ಮುಗಿಸೋಕೆ ಮೂರು ಜನ್ಮ ಬೇಕಾಗುತ್ತಿತ್ತು. ಅವನೇ ಹೇಳಿದ್ದು ಬೇರೆ. ಕಾವ್ಯದ ಪೀಠಿಕೆಯಲ್ಲಿ ತನ್ನ ಹೆಚ್ಚುಗಾರಿಕೆ ಅಂತ ನಾಲ್ಕು ಸಂಗತಿ ಎಣಿಸುತ್ತಾನೆ. ಹಲಗೆ ಬಳಪ ಹಿಡಿಯಲಿಲ್ಲ. ಒಮ್ಮೆ ಇಟ್ಟ ಪದ ಅಳಿಸಲಿಲ್ಲ. ಇನ್ನೊಬ್ಬರ ರೀತಿ ತೆಗೆದುಕೊಳ್ಳಲಿಲ್ಲ. ಓಲೆ ಕೊರೆಯುವ ಕಂಠ ಓಡುವ ಸದ್ದು ನಡುವೆ ನಿಲ್ಲಲಿಲ್ಲ.

ವೀಣಾ: ಮೊದಲ ಕರಡೇ ಕೊನೆಯ ಪ್ರತಿ ಅಂದ ಹಾಗಾಯಿತು. ಇಂಥದನ್ನು ಓದಿದರೆ ನನ್ನಂಥವರಿಗೆ ಪೆನ್ನು ಕೆಳಗಿಡಬೇಕು ಅನಿಸುತ್ತೆ.

ರಾಮಣ್ಣ: ನೀನು ಓದುಗರ ಹಾಗೆ ಓದಿದೆ. ಕರಡು ತಿದ್ದುವವನ ಹಾಗೆ ಓದು. ಹಲಗೆ ಬಳಪ ಹಿಡಿಯದ್ದು ಹೆಚ್ಚುಗಾರಿಕೆ ಆಗಬೇಕಾದರೆ, ಮಿಕ್ಕವರು ಅದನ್ನು ಹಿಡಿಯುತ್ತಿದ್ದರು ಅಂತ ತಾನೆ ಅರ್ಥ? ತಾಳೆಗರಿಯಲ್ಲಿ ಕೊರೆದದ್ದನ್ನು ಸುಲಭಕ್ಕೆ ತಿದ್ದೋಕಾಗುವುದಿಲ್ಲ. ಅದಕ್ಕೇ ಕವಿಗಳು ಮೊದಲು ಹಲಗೆಯ ಮೇಲೆ ಬರೆದು, ಅಳಿಸಿ, ಮತ್ತೆ ಬರೆದು, ಸರಿಬಂದ ಮೇಲೆ ಗರಿಗೆ ಇಳಿಸುತ್ತಿದ್ದರು. ಕುಮಾರವ್ಯಾಸ ಹೇಳಿದ್ದು ಅಪವಾದ. ಆ ಅಪವಾದದ ಬೆನ್ನಿಗೆ ನಿಯಮ ಕೂತಿದೆ. ಹದಿನೈದನೇ ಶತಮಾನದಲ್ಲಿ ಕನ್ನಡ ಕವಿಯ ಮನೆಯಲ್ಲಿ ಕರಡು ಅನ್ನೋದು ದಿನನಿತ್ಯದ ವಸ್ತು ಆಗಿತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇನಮ್ಮ?

ವೀಣಾ: ಆದರೆ ಅವನು ತನ್ನ ಮಟ್ಟಿಗೆ ನಿಜ ಹೇಳಿರಬಹುದಲ್ಲ?

ರಾಮಣ್ಣ: ಇರಬಹುದು. ಅದೇ ಪೀಠಿಕೆಯಲ್ಲಿ ಇನ್ನೊಂದು ಮಾತೂ ಇದೆ. ಕವಿ ವೀರನಾರಾಯಣ, ತಾನು ಬರೀ ಲಿಪಿಕಾರ ಅನ್ನುತ್ತಾನೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು. ಲಿಪಿಕಾರನಿಗೆ ತಿದ್ದುವ ಅಧಿಕಾರ ಎಲ್ಲಿದೆ? ಹೇಳಿದ್ದನ್ನು ಬರೆಯುವವನು ಅಳಿಸುವ ಹಾಗಿಲ್ಲ. ಹಾಗೆ ನೋಡಿದರೆ ಅದು ಜಂಬವೂ ಹೌದು, ವಿನಯವೂ ಹೌದು. ಕೈ ಓಡಿದ ವೇಗ ಕಂಡು ಅವನಿಗೇ ಆಶ್ಚರ್ಯ ಆಗಿರಬೇಕು. ಇದು ನನ್ನದಲ್ಲ ಅಂದುಬಿಟ್ಟ.

ವೀಣಾ: ಕುವೆಂಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ರಾಮಾಯಣ ದರ್ಶನವನ್ನು ಗುರುಗಳಾದ ವೆಂಕಣ್ಣಯ್ಯನವರಿಗೆ ಅರ್ಪಿಸುವಾಗ, ಕಾವ್ಯವನ್ನು ತಾನು ಬರೆದೆ ಅನ್ನುವುದಿಲ್ಲ. ಕುವೆಂಪುವನ್ನು ಸೃಜಿಸಿದ್ದೇ ಆ ಕಾವ್ಯ ಅನ್ನುತ್ತಾರೆ. ಕೇಳೋಕೆ ಚೆನ್ನಾಗಿದೆ. ನನ್ನ ಉಪಯೋಗಕ್ಕೆ ಬರೋದಿಲ್ಲ.

ರಾಮಣ್ಣ: ಯಾಕೆ ಬರೋದಿಲ್ಲ? ಅದನ್ನು ಅಲಂಕಾರದ ಮಾತು ಅಂದುಕೊಳ್ಳಬೇಡ, ಇದ್ದ ಸಂಗತಿ ಅಂತಲೇ ತೆಗೆದುಕೋ. ಅವರು ಆ ಕಾವ್ಯಕ್ಕೆ ಕೈಹಾಕಿದ್ದು 1936ರ ಸುಮಾರಿಗೆ. ಕಾನೂರು ಹೆಗ್ಗಡಿತಿ ಅಚ್ಚಾದ ವರ್ಷವೇ ಅದು. ಆಮೇಲೆ ಒಂಬತ್ತು ವರ್ಷ ಅದರ ಜೊತೆಗೇ ಬದುಕಿದರು. 1949ರಲ್ಲಿ ಪುಸ್ತಕ ಬಂತು. ಮುಗಿಸಿದ ಕುವೆಂಪು, ಶುರು ಮಾಡಿದ ಕುವೆಂಪು ಅಲ್ಲ. ಮಹಾಛಂದಸ್ಸು ಅವರಿಗೆ ಕೈವಶ ಆದದ್ದೇ ಅದರೊಳಗೆ ನಡೆದಾಡಿ. ಈಗ ಹೇಳು, ಹೀಗೆ ಬರೆಯಬೇಕು ಅಂತ ನಮಗೆ ಹೇಳುವವರು ಯಾರು? ಮುಗಿಸಿದವರು. ಶುರು ಮಾಡಿದವರಿಗೆ ಹೇಗೆ ಅಂತ ಗೊತ್ತಿರಲಿಲ್ಲ. ಗೊತ್ತಿದ್ದವರು ಹುಟ್ಟುವ ಹೊತ್ತಿಗೆ ಕೆಲಸ ಮುಗಿದಿತ್ತು.

ವೀಣಾ: ಇದು ಮಾತಿನ ಜಾಣತನ ಸರ್. ಕಳೆದ ವರ್ಷದ ನಾನು ಬೇರೆ, ಈಗಿನ ನಾನು ಬೇರೆ, ಒಪ್ಪೋಣ. ಹಾಗಂತ ಕಳೆದ ವರ್ಷ ನಾನು ರಾತ್ರಿ ಬರೆಯುತ್ತಿದ್ದೆನೋ ಬೆಳಗ್ಗೆಯೋ ಅನ್ನೋದು ನನಗೆ ಮರೆತುಹೋಗುತ್ತದೆಯೇ?

ರಾಮಣ್ಣ: ಮರೆಯೋದಿಲ್ಲ, ಆರಿಸಿಕೊಳ್ಳುತ್ತೀ. ಫಲ ಕೊಟ್ಟ ಬೆಳಗುಗಳು ನೆನಪಿರುತ್ತವೆ. ಏನೂ ಆಗದೆ ಎದ್ದುಹೋದ ಬೆಳಗುಗಳು ಜಾರಿಹೋಗುತ್ತವೆ. ಐದೂವರೆಗೆ ಎದ್ದೆ, ಅದರಿಂದ ಕಾದಂಬರಿ ಆಯಿತು ಅಂತ ಕತೆ ಕಟ್ಟುತ್ತೀವಿ. ಐದೂವರೆಗೆ ಏಳುವವರು ಊರು ತುಂಬ ಇದ್ದಾರೆ, ಹಾಲಿನವರು, ಪೇಪರ್ ಹಾಕುವವರು, ವಾಕಿಂಗ್ ಹೋಗುವವರು. ಏಳುವುದು ಕಾರಣ ಆಗಿದ್ದರೆ ಕನ್ನಡದಲ್ಲಿ ಕಾದಂಬರಿಗಳನ್ನು ಇಡೋಕೆ ಜಾಗ ಸಾಲುತ್ತಿರಲಿಲ್ಲ.

ವೀಣಾ: ಪಂಪನನ್ನು ಏನು ಮಾಡುತ್ತೀರಿ? ಅವನದು ಲೆಕ್ಕವೇ ಇದೆ. ಒಂದು ಕಾವ್ಯ ಮೂರು ತಿಂಗಳಲ್ಲಿ, ಇನ್ನೊಂದು ಆರು ತಿಂಗಳಲ್ಲಿ ಮುಗಿಯಿತು ಅಂತ ಅವನೇ ಬರೆದಿದ್ದಾನೆ. ಆದಿಪುರಾಣ ಮೂರು, ವಿಕ್ರಮಾರ್ಜುನ ವಿಜಯ ಆರು.

ರಾಮಣ್ಣ: ಆದಿಪುರಾಣ ಮುಗಿದದ್ದು 941ರಲ್ಲಿ. ಆಗ ಅವನಿಗೆ ಮೂವತ್ತೊಂಬತ್ತು. ನಾಟಿ ಮಾಡಿದ ಭತ್ತ ಕೆಲವೇ ತಿಂಗಳಿಗೆ ಕೊಯ್ಲಿಗೆ ಬರುತ್ತೆ, ಆದರೆ ಅದು ಗದ್ದೆ ಆಗೋಕೆ ಎಷ್ಟು ವರ್ಷ ಹಿಡಿದಿತ್ತು? ಅವನ ಮನೆಯಲ್ಲಿ ಅಪ್ಪನ ಕಾಲಕ್ಕೆ ವೈದಿಕ ಬಿಟ್ಟು ಜೈನಕ್ಕೆ ಬಂದಿದ್ದರು. ಎರಡೂ ಕಡೆಯ ಕಥೆ, ಎರಡೂ ಕಡೆಯ ಜಗಳ ಕಿವಿಗೆ ಬಿದ್ದು ಬೆಳೆದವನು. ಜಿನಸೇನರ ಪೂರ್ವಪುರಾಣ ಎದುರಿಗಿತ್ತು, ವ್ಯಾಸಭಾರತ ಎದುರಿಗಿತ್ತು. ಅರಿಕೇಸರಿಯ ಆಸರೆ ಇತ್ತು, ರಣರಂಗವನ್ನು ಕಂಡವನು ಬೇರೆ. ಆ ಮೂವತ್ತೊಂಬತ್ತು ವರ್ಷ ಲೆಕ್ಕಕ್ಕೆ ಬರೋದಿಲ್ಲ, ಮೂರು ತಿಂಗಳು ಮಾತ್ರ ಬರುತ್ತೆ.

ವೀಣಾ: ಹಾಗಾದರೆ ವೇಗ ಅನ್ನೋದು ಸುಳ್ಳೇ?

ರಾಮಣ್ಣ: ಸುಳ್ಳಲ್ಲ. ಕೆಲವರ ಗುಣವೇ ಹಾಗೆ. ಕಾರಂತರನ್ನು ನೋಡು. ನಲವತ್ತಕ್ಕೂ ಹೆಚ್ಚು ಕಾದಂಬರಿ. ಅದರ ಜೊತೆಗೆ ಮಕ್ಕಳಿಗೆ ಮೂರು ಸಂಪುಟದ ಬಾಲಪ್ರಪಂಚ, ದೊಡ್ಡವರಿಗೆ ನಾಲ್ಕು ಸಂಪುಟದ ವಿಜ್ಞಾನ ಪ್ರಪಂಚ, ಯಕ್ಷಗಾನದ ಮೇಲೆ ಗ್ರಂಥ, ಪ್ರವಾಸಕಥನ, ನಾಟಕ. ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ಬೇರೆ ನಡೆಸಿದರು. ಇಳಿವಯಸ್ಸಿನಲ್ಲಿ ಅವರು ಹೇಳುತ್ತಾ ಹೋಗೋದು, ಲಿಪಿಕಾರ್ತಿಯಾಗಿದ್ದ ಮಾಲಿನಿ ಮಲ್ಯ ಬರೆದುಕೊಳ್ಳೋದು. ತಮಾಷೆ ನೋಡು. ಕುಮಾರವ್ಯಾಸ ದೇವರಿಗೆ ಲಿಪಿಕಾರ ಆದ. ದೇವರನ್ನು ನಂಬದ ಕಾರಂತರು ತಾವೇ ಹೇಳುವವರ ಜಾಗದಲ್ಲಿ ಕೂತರು.

ವೀಣಾ: ಮತ್ತೆ ದೇವನೂರು ಮಹಾದೇವ? ದ್ಯಾವನೂರು, ಒಡಲಾಳ, ಕುಸುಮಬಾಲೆ. ಕಥೆ ಕಾದಂಬರಿ ಅಂತ ಬರೆದದ್ದು ಇಷ್ಟೇ. ಎಲ್ಲ ಸೇರಿಸಿದರೂ ಕಾರಂತರ ಒಂದು ದಪ್ಪ ಕಾದಂಬರಿಯಷ್ಟು ಆಗೋದಿಲ್ಲ. ಕುಸುಮಬಾಲೆ ಬಂದದ್ದು 1984ರಲ್ಲಿ. ಆಮೇಲೆ ಕಾದಂಬರಿಯೇ ಇಲ್ಲ. ಅವರ ಕ್ರಮ ಯಾವುದು, ಬರೆಯದೆ ಇರುವುದೇ?

ರಾಮಣ್ಣ: ನನ್ನ ಕೇಳಿದರೆ, ಕನ್ನಡದ ಎಲ್ಲ ಬರಹಗಾರರಲ್ಲಿ ಅತಿ ಕಟ್ಟುನಿಟ್ಟಿನ ಕ್ರಮ ಅವರದೇ. ಬರೆಯೋಕೆ ಬಂದರೂ, ಜನ ಕೇಳಿದರೂ, ಪ್ರಕಾಶಕರು ಮನೆ ಬಾಗಿಲಿಗೆ ಬಂದರೂ, ಹೇಳೋದು ಇಲ್ಲದಿದ್ದರೆ ಬರೆಯೋದಿಲ್ಲ ಅಂತ ಕೂರೋದಿದೆಯಲ್ಲ, ಅದು ದಿನಕ್ಕೆ ಹತ್ತು ಪುಟ ಬರೆಯೋದಕ್ಕಿಂತ ಕಷ್ಟ. ಕುವೆಂಪು ಕಾದಂಬರಿಗಳೂ ಎರಡೇ. ಮೊದಲನೆಯದಕ್ಕೂ 1967ರ ಮಲೆಗಳಲ್ಲಿ ಮದುಮಗಳುಗೂ ನಡುವೆ ಮೂವತ್ತೊಂದು ವರ್ಷ. ಆ ಮೂವತ್ತೊಂದು ವರ್ಷವನ್ನು ಯಾರಾದರೂ ದಿನಚರಿ ಅಂತ ಅಚ್ಚು ಹಾಕುತ್ತಾರೆಯೇ?

ವೀಣಾ: ಸುಮ್ಮನಿರುವುದು ಗಂಡಸರಿಗೆ ಕ್ರಮ ಆಗುತ್ತೆ ಸರ್. ಹೆಂಗಸರು ಸುಮ್ಮನಿದ್ದರೆ ಬರೆಯೋದು ಬಿಟ್ಟಳು ಅಂತಾರೆ.

ರಾಮಣ್ಣ: ಹೇಳು.

ವೀಣಾ: ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ತುಂಗಭದ್ರ ಬಂದಾಗ 1963. ಅವರಿಗೆ ವಯಸ್ಸು ನಲವತ್ತಾರು. ಶಾಲೆ ಬಿಟ್ಟದ್ದು ಹನ್ನೆರಡರ ಹೊತ್ತಿಗೆ, ಮದುವೆ ಆಯಿತು ಅಂತ. ಅಲ್ಲಿಂದ ಮೂವತ್ತಕ್ಕೂ ಹೆಚ್ಚು ವರ್ಷದ ದಿನಚರಿ ಏನು? ಒಲೆ, ಮಕ್ಕಳು, ಬಾಣಂತನ, ನೆಂಟರು. ಯಾವ ಪುಸ್ತಕದಲ್ಲೂ ಇಲ್ಲ. ಅದೇ 1963ರಲ್ಲಿ ತ್ರಿವೇಣಿ ತೀರಿಕೊಂಡರು, ಹೆರಿಗೆಯಾದ ಕೆಲವೇ ದಿನಕ್ಕೆ, ಮೂವತ್ತೈದೂ ತುಂಬಿರಲಿಲ್ಲ. ಅವರ ಮೊದಲ ಕಾದಂಬರಿ ಅಪಸ್ವರ ಬಂದಿದ್ದು 1953ರಲ್ಲಿ. ನಡುವಿನ ಹತ್ತೇ ವರ್ಷದಲ್ಲಿ ಇಪ್ಪತ್ತರಷ್ಟು ಕಾದಂಬರಿ. ನನಗೆ ಆ ವೇಗದಲ್ಲಿ ಸ್ಫೂರ್ತಿ ಕಾಣೋದಿಲ್ಲ, ಅವಸರ ಕಾಣುತ್ತೆ. ಟ್ರಾಲಪ್‌ಗೆ ಎಬ್ಬಿಸುವ ಆಳಿದ್ದ. ಟಾಲ್‌ಸ್ಟಾಯ್‌ಗೆ ಯುದ್ಧ ಮತ್ತು ಶಾಂತಿಯ ಕರಡನ್ನು ಮತ್ತೆ ಮತ್ತೆ ಶುದ್ಧಪ್ರತಿ ಮಾಡಿಕೊಡೋಕೆ ಹೆಂಡತಿ ಸೋಫಿಯಾ ಇದ್ದಳು, ಮಕ್ಕಳನ್ನು ಮಲಗಿಸಿ. ಅವನ ಹಲಗೆಯೂ ಅವಳೇ, ಬಳಪವೂ ಅವಳೇ. ಬರವಣಿಗೆಯ ಕ್ರಮ ಅಂತ ನಾವು ಕರೆಯೋದು ಬಹಳ ಸಲ ಇನ್ನೊಬ್ಬರ ವೇಳೆಯ ಮೇಲೆ ಕೂತಿರುತ್ತೆ.

ರಾಮಣ್ಣ: ಒಪ್ಪಿದೆ. ಆದರೆ ಒಂದು ತಕರಾರು. ವೇಳೆ ಸಿಕ್ಕಿದವರೆಲ್ಲ ಬರೆಯಲಿಲ್ಲ, ಸಿಗದವರಲ್ಲಿ ಕೆಲವರು ಬರೆದರು. ನಂಜನಗೂಡು ತಿರುಮಲಾಂಬ ಬಾಲವಿಧವೆ. ಮನೆಯಲ್ಲೇ ಕೂತು ಓದಿದರು, ಬರೆದರು, ಸತೀ ಹಿತೈಷಿಣಿ ಅಂತ ಗ್ರಂಥಮಾಲೆ ಕಟ್ಟಿ ತಮ್ಮ ಪುಸ್ತಕ ತಾವೇ ಅಚ್ಚು ಹಾಕಿಸಿದರು, ಪತ್ರಿಕೆಯನ್ನೂ ನಡೆಸಿದರು. ಆ ಕಾಲಕ್ಕೆ ಆ ಸ್ಥಿತಿಯಲ್ಲಿ! ಆದ್ದರಿಂದ ವೇಳೆಯೇ ಎಲ್ಲ ಅಂತ ನನಗನ್ನಿಸೋದಿಲ್ಲ.

ವೀಣಾ: ಬರೆದವರು ನಮಗೆ ಕಾಣುತ್ತಾರೆ ಸರ್, ಅದಕ್ಕೇ ಹಾಗನ್ನಿಸುತ್ತೆ. ಬರೆಯಲಾಗದವರ ಪಟ್ಟಿ ಎಲ್ಲಿದೆ? ಇಂದಿರಾ ನಲವತ್ತನಾಲ್ಕಕ್ಕೆ ತೀರಿಕೊಂಡಿದ್ದರೆ ಅವರ ಫಣಿಯಮ್ಮ ಕಾದಂಬರಿ ನಮಗೆ ಇರುತ್ತಲೇ ಇರಲಿಲ್ಲ. ಇಲ್ಲ ಅಂತಲೂ ನಮಗೆ ತಿಳಿಯುತ್ತಿರಲಿಲ್ಲ. ನನ್ನ ಇಡೀ ನೋಟ್‌ಬುಕ್ ಬದುಕಿ ಉಳಿದವರ ಪಟ್ಟಿ.

ರಾಮಣ್ಣ: ಇದು ನಾನು ಯೋಚಿಸಿರಲಿಲ್ಲ. ಹೌದು. ಹಲಗೆಯ ಮೇಲೆ ಬರೆದು ಗರಿಗೆ ಇಳಿಸದೆಯೇ ಹೋದವರು.

ವೀಣಾ: ಹಲಗೆಯೇ ಸಿಗದವರು.

ರಾಮಣ್ಣ: ಸರಿ. ಇನ್ನೊಂದು ಕಡೆಯಿಂದ ನೋಡೋಣ. ನಿನ್ನ ಪಟ್ಟಿಯಲ್ಲಿ ಕೇಳುವವರು ಎಲ್ಲಿದ್ದಾರೆ? ಎಲ್ಲರೂ ಒಬ್ಬರೇ ಕೋಣೆಯಲ್ಲಿ ಕೂತು ಬರೆಯುತ್ತಾರೆ. ಮುದ್ದಣ ಹಾಗಲ್ಲ. ನಂದಳಿಕೆ ಲಕ್ಷ್ಮೀನಾರಣಪ್ಪ, ಉಡುಪಿಯಲ್ಲಿ ಶಾಲೆಯ ಮಕ್ಕಳಿಗೆ ವ್ಯಾಯಾಮ ಹೇಳಿಕೊಡುತ್ತಿದ್ದ ಮೇಷ್ಟ್ರು. ರಾಮಾಶ್ವಮೇಧ ಬರೆದು, ಇದು ಯಾವುದೋ ಹಳೆಯ ಕವಿಯದು, ನನಗೆ ಸಿಕ್ಕಿತು ಅಂತ ಮೈಸೂರಿನ ಒಂದು ಪತ್ರಿಕೆಗೆ ಕಳಿಸಿದರು. ಅಚ್ಚಾಗಿ ಬರುತ್ತಿದ್ದಾಗಲೇ, 1901ರಲ್ಲಿ, ಮೂವತ್ತೊಂದಕ್ಕೆ ತೀರಿಕೊಂಡರು. ಹೆಸರನ್ನೇ ಬಚ್ಚಿಟ್ಟ ಮನುಷ್ಯ. ಆದರೆ ಕಾವ್ಯದೊಳಗೆ ಏನು ಮಾಡಿದರು? ಬರೆಯುವ ಕ್ರಿಯೆಯನ್ನೇ ಬಯಲಿಗಿಟ್ಟರು. ಮುದ್ದಣ ಕಥೆ ಹೇಳುತ್ತಾನೆ, ಹೆಂಡತಿ ಮನೋರಮೆ ತಡೆಯುತ್ತಾಳೆ. ಪದ್ಯ ಬೇಡ ಅನ್ನುತ್ತಾಳೆ, ಸಂಸ್ಕೃತ ಜಾಸ್ತಿ ಆಯಿತು ಅನ್ನುತ್ತಾಳೆ, ಕಥೆ ಬೇಗ ನಡೆಯಲಿ ಅನ್ನುತ್ತಾಳೆ. ಆ ಗದ್ಯ ಹಾಗೆ ಆದದ್ದು ಅವಳು ಹಾಗೆ ಕೇಳಿದ್ದಕ್ಕೆ.

ವೀಣಾ: ಅವಳೂ ಅವನ ಕಲ್ಪನೆಯೇ ಅಲ್ಲವೆ?

ರಾಮಣ್ಣ: ಇರಲಿ. ಕಲ್ಪನೆಯಲ್ಲಾದರೂ ತಡೆಯುವವಳೊಬ್ಬಳು ಬೇಕು ಅಂತ ಅವರಿಗೆ ಗೊತ್ತಿತ್ತು. ಕನ್ನಡದಲ್ಲಿ ಹಲಗೆ ಬಳಪವನ್ನು ಪುಸ್ತಕದೊಳಗೇ ಅಚ್ಚು ಹಾಕಿಸಿದವರು ಅವರೊಬ್ಬರೇ. ಐವತ್ತು ದಿನಚರಿ ಓದುವ ಬದಲು ಆ ಸಲ್ಲಾಪ ಓದು. ಇದು ನನ್ನ ಪಕ್ಷಪಾತ, ಇರಲಿ. ಕರಡು ತಿದ್ದುವವನೂ ಒಂದು ಬಗೆಯಲ್ಲಿ ಮನೋರಮೆಯೇ. ಇಲ್ಲಿ ನನಗೆ ಅರ್ಥ ಆಗಲಿಲ್ಲ ಅಂತ ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಹಾಕೋದು. ದೊಡ್ಡ ದೊಡ್ಡವರು ಆ ಗುರುತು ನೋಡಿ ಸಿಡಿಮಿಡಿ ಮಾಡಿದ್ದಾರೆ. ಆಮೇಲೆ ಮುಂದಿನ ಕರಡಿನಲ್ಲಿ ಆ ವಾಕ್ಯವೇ ಇರುತ್ತಿರಲಿಲ್ಲ.

ವೀಣಾ: ನೀವು ಓದಿನ ಬಗ್ಗೆ ಏನೂ ಹೇಳಲೇ ಇಲ್ಲ. ಎಲ್ಲರೂ ಹೇಳೋದು ಒಂದೇ, ಹೆಚ್ಚು ಓದು, ಹೆಚ್ಚು ಓದು ಅಂತ. ಕವಿರಾಜಮಾರ್ಗ ಮಾತ್ರ ತಿರುವಿ ಹಾಕುತ್ತೆ. ಗುರಿಯಿಟ್ಟು ಓದದೆ ಇದ್ದರೂ ಕಾವ್ಯದ ಹದ ಬಲ್ಲವರು ಈ ನಾಡಿನ ಜನ ಅನ್ನುತ್ತೆ.

ರಾಮಣ್ಣ: ಅದು ಓದನ್ನು ಹೀಯಾಳಿಸೋದಲ್ಲ. ಕಿವಿಯನ್ನು ಹೊಗಳೋದು. ಮಂಟೇಸ್ವಾಮಿ ಹಾಡುವ ನೀಲಗಾರರು, ಮಾದಪ್ಪನ ಕಥೆ ಹೇಳುವ ಕಂಸಾಳೆಯವರು ಯಾವ ಪುಸ್ತಕ ಓದಿದ್ದರು? ರಾತ್ರಿಯೆಲ್ಲ ಹಾಡುವಷ್ಟು ಕಾವ್ಯ ಎದೆಯಲ್ಲಿತ್ತು. ನೀನೇ ಹೇಳಿದ ಫಣಿಯಮ್ಮನನ್ನು ತೆಗೆದುಕೋ. ಆ ಹೆಂಗಸಿನ ಕಥೆ ಇಂದಿರಾ ಅವರಿಗೆ ಬಂದದ್ದು ತಾಯಿಯ ಬಾಯಿಂದ. ಹನ್ನೆರಡಕ್ಕೆ ಶಾಲೆ ಬಿಟ್ಟರು ಅಂದೆಯಲ್ಲ, ಪಾಠ ಅಲ್ಲಿಗೆ ನಿಲ್ಲಲಿಲ್ಲ. ಅಡಿಗೆಮನೆಯಲ್ಲಿ ನಡೆದಿತ್ತು.

ವೀಣಾ: ಬ್ಯಾಂಕಿನಲ್ಲಿ ಕೌಂಟರಿನ ಆಚೆ ನಿಂತವರ ಮಾತನ್ನು ನಾನೂ ಕೇಳುತ್ತೀನಿ. ಅದನ್ನು ಓದು ಅಂತ ಯಾವತ್ತೂ ಎಣಿಸಿರಲಿಲ್ಲ.

ರಾಮಣ್ಣ: ಎಣಿಸು. ಮುಂಬಯಿಯಲ್ಲಿ ಯಶವಂತ ಚಿತ್ತಾಲರು ಪ್ಲಾಸ್ಟಿಕ್ ರಾಳದ ಕಂಪನಿಯಲ್ಲಿ ತಂತ್ರಜ್ಞರಾಗಿ ದೊಡ್ಡ ಹುದ್ದೆಯಲ್ಲಿದ್ದರು. ಮನೆ ಬಾಂದ್ರಾದಲ್ಲಿ, ಕಡಲ ಎದುರು. 1979ರ ಶಿಕಾರಿಯಲ್ಲಿ ಆ ಕಂಪನಿ ಲೋಕದ ಪಿತೂರಿ, ಭಯ ಎಲ್ಲ ಇದೆ. ಆದರೆ ಕಥೆಗಳು ಮತ್ತೆ ಮತ್ತೆ ಹನೇಹಳ್ಳಿಗೆ ಹೋಗುತ್ತಿದ್ದವು, ಗೋಕರ್ಣದ ಹತ್ತಿರದ ಆ ಹಳ್ಳಿಗೆ. ಬಿಟ್ಟು ಬಂದ ಊರನ್ನು ಒಬ್ಬ ಮನುಷ್ಯ ಐವತ್ತು ವರ್ಷ ಓದಿದ ಅಂದರೆ ಅದು ಸಣ್ಣ ಓದೇ?

ವೀಣಾ: ಪುಸ್ತಕದ ಓದೂ ಬೇಕಲ್ಲ ಸರ್. ತೀರ ಬಿಟ್ಟುಬಿಡಬೇಡಿ.

ರಾಮಣ್ಣ: ಬೇಕು. ಆದರೆ ಅರ್ಥ ಆದದ್ದಕ್ಕಿಂತ ಅರೆಬರೆ ಅರ್ಥ ಆದದ್ದು ಬರಹಗಾರನಿಗೆ ಹೆಚ್ಚು ಉಪಯೋಗ ಅಂತ ನನ್ನ ಅನುಮಾನ. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗ ಬರ್ಗ್‌ಮನ್‌ನ ಸೆವೆಂತ್ ಸೀಲ್ ಸಿನಿಮಾ ನೋಡಿದರು. ಜೊತೆಗಿದ್ದವರು ಅವರ ಮಾರ್ಗದರ್ಶಕರಾಗಿದ್ದ ಕಾದಂಬರಿಕಾರ ಮಾಲ್ಕಂ ಬ್ರಾಡ್‌ಬರಿ. ಸಿನಿಮಾ ಸ್ವೀಡಿಷ್ ಭಾಷೆಯದು, ಕೆಳಗೆ ಇಂಗ್ಲಿಷ್ ಸಾಲುಗಳೂ ಇರಲಿಲ್ಲ. ಪ್ಲೇಗು, ಸಾವು, ದೇವರ ಮೌನ. ಯೂರೋಪಿನವರು ತಮ್ಮ ಮಧ್ಯಯುಗವನ್ನು ಕಲ್ಪಿಸಿಕೊಳ್ಳಬೇಕು, ಭಾರತದವರಿಗೆ ಅದು ಇನ್ನೂ ಕಣ್ಣೆದುರಿಗೇ ಇದೆ ಅನ್ನುವ ಧಾಟಿಯಲ್ಲಿ ಇಬ್ಬರ ನಡುವೆ ಮಾತು ನಡೆಯಿತಂತೆ. ಆ ನಡುವೆಯೇ ಸಂಸ್ಕಾರ ಬಂತು, 1965ರಲ್ಲಿ. ಮಾತು ತಿಳಿದಿದ್ದರೆ ಸಿನಿಮಾ ನೋಡಿ ಎದ್ದು ಬರುತ್ತಿದ್ದರೋ ಏನೋ. ತಿಳಿಯದ ಕಡೆಗಳಲ್ಲೆಲ್ಲ ತೀರ್ಥಹಳ್ಳಿ ಕಡೆಯ ಅಗ್ರಹಾರ ಬಂದು ತುಂಬಿಕೊಂಡಿತು.

ವೀಣಾ: ಹಾಗಿದ್ದರೆ ಆ ಸಿನಿಮಾ ನೋಡಿದ ಎಲ್ಲರಿಗೂ ಸಂಸ್ಕಾರ ಹುಟ್ಟಬೇಕಿತ್ತು. ಐದೂವರೆಗೆ ಏಳುವವರ ಬಗ್ಗೆ ನೀವು ಹೇಳಿದ ಮಾತೇ ಇಲ್ಲೂ ನಿಲ್ಲುತ್ತೆ.

ರಾಮಣ್ಣ: ಸಿಕ್ಕಿಹಾಕಿಸಿದೆ! ಹೌದು, ಸಿನಿಮಾವೂ ಕಾರಣ ಅಲ್ಲ. ಆದರೆ ಒಂದು ವ್ಯತ್ಯಾಸ ಇದೆ. ಗಡಿಯಾರ ನಿನ್ನೊಳಗೆ ಇರೋದನ್ನು ಮುಟ್ಟೋದಿಲ್ಲ. ಓದು ಮುಟ್ಟುತ್ತೆ. ಕುವೆಂಪು ಹುಡುಗನಾಗಿದ್ದಾಗ ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದರು, ಬಿಗಿನರ್ಸ್ ಮ್ಯೂಸ್ ಅಂತ 1922ರಲ್ಲಿ ಪುಸ್ತಕವೂ ಬಂತು. ಜೇಮ್ಸ್ ಕಸಿನ್ಸ್ ಅನ್ನುವ ಐರಿಷ್ ಕವಿ ಮೈಸೂರಿಗೆ ಬಂದಾಗ ತೋರಿಸೋಕೆ ಹೋದರು. ನಿಮ್ಮ ಭಾಷೆಯಲ್ಲಿ ಬರೆಯಿರಿ ಅಂದ ಅವನು. ವರ್ಡ್ಸ್‌ವರ್ತ್‌ನನ್ನು ಓದಿದ್ದು ವ್ಯರ್ಥ ಆಗಲಿಲ್ಲ, ಅದು ಸೀದಾ ಕುಪ್ಪಳಿಯ ಕಾಡಿಗೆ ಹೋಯಿತು. ಇಂಗ್ಲಿಷಿನಲ್ಲೇ ಉಳಿದಿದ್ದರೆ ಅದು ವರ್ಡ್ಸ್‌ವರ್ತ್‌ನ ನಕಲಾಗುತ್ತಿತ್ತು. ಕುಮಾರವ್ಯಾಸನ ಮೂರನೇ ಹೆಚ್ಚುಗಾರಿಕೆ ಇದೆಯಲ್ಲ, ಇನ್ನೊಬ್ಬರ ರೀತಿ ತೆಗೆದುಕೊಳ್ಳಲಿಲ್ಲ ಅನ್ನೋದು, ಅವನೂ ಬರೆದದ್ದು ವ್ಯಾಸನ ಕಥೆಯನ್ನೇ.

ವೀಣಾ: ತೇಜಸ್ವಿಯವರನ್ನು ನೀವು ಮರೆತಿರಿ. ಮೂಡಿಗೆರೆಯಲ್ಲಿ ಕಾಫಿ ತೋಟ, ಮೀನಿಗೆ ಗಾಳ, ಹಕ್ಕಿಗಳಿಗೆ ಕ್ಯಾಮೆರಾ, ಸ್ಕೂಟರ್ ರಿಪೇರಿ, ಆಮೇಲೆ ಕನ್ನಡಕ್ಕೆ ಕಂಪ್ಯೂಟರ್ ತಂತ್ರಾಂಶ ಬೇಕು ಅಂತ ಜಗಳ. ನಡುವೆ ಯಾವಾಗ ಕರ್ವಾಲೋ ಬರೆದರೋ. ಬರೆಯೋದು ಅವರಿಗೆ ಮಿಕ್ಕಿದ್ದೆಲ್ಲದರ ನಡುವೆ ಇನ್ನೊಂದು ಕುತೂಹಲ.

ರಾಮಣ್ಣ: ಅದಕ್ಕೇ ಅವರ ಪುಟಗಳಲ್ಲಿ ಸಾಹಿತ್ಯದ ವಾಸನೆ ಕಡಿಮೆ, ಮಣ್ಣಿನದು ಜಾಸ್ತಿ. ಆದರೆ ತೋಟ ಇದ್ದವರು ಹಾಗೆ ಇರಬಹುದು, ನೀನು ಬ್ಯಾಂಕಿಗೆ ಹೋಗಬೇಕು. ಮಾಸ್ತಿಯವರೂ ಸರ್ಕಾರಿ ನೌಕರಿ ಮಾಡಿಕೊಂಡೇ ಸಣ್ಣಕಥೆಗೆ ನೆಲೆ ಹಾಕಿದರು. ಬಾನು ಮುಷ್ತಾಕ್ ಹಾಸನದಲ್ಲಿ ವಕೀಲಿಕೆ ಮಾಡುತ್ತಾ ಬರೆದ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ಕಕ್ಷಿದಾರರ ಗೋಳು ಅವರಿಗೆ ಓದು. ಲಂಕೇಶರು ಮೇಷ್ಟರ ಕೆಲಸ ಬಿಟ್ಟು 1980ರಲ್ಲಿ ಪತ್ರಿಕೆ ಶುರು ಮಾಡಿದರು. ವಾರ ಬಂತು ಅಂದರೆ ಪುಟ ತುಂಬಲೇಬೇಕು. ಟೀಕೆ ಟಿಪ್ಪಣಿ, ನೀಲು ಕವಿತೆ ಎಲ್ಲ ಆ ಗಡುವಿನ ಮಕ್ಕಳು. ಸ್ಫೂರ್ತಿ ಬರಲಿ ಅಂತ ಅಚ್ಚಿನ ಯಂತ್ರ ಕಾಯೋದಿಲ್ಲ. ಕಂಪೋಸಿಟರ್ ಸ್ಟಿಕ್ ಹಿಡಿದು ನಿಂತಿರುತ್ತಿದ್ದ ಕಾಲದಲ್ಲಿ ನಾನು ಕಂಡಿದ್ದೀನಿ, ಎಂಥ ಜಡ ಬರಹಗಾರರೂ ಬಾಗಿಲಲ್ಲಿ ಹುಡುಗ ನಿಂತಿದ್ದಾನೆ ಅಂದರೆ ಬರೆದು ಕೊಡುತ್ತಿದ್ದರು.

ವೀಣಾ: ಒಟ್ಟಿನಲ್ಲಿ ನನ್ನ ನೋಟ್‌ಬುಕ್ ಕಸದ ಬುಟ್ಟಿಗೆ ಅಂತೀರಿ.

ರಾಮಣ್ಣ: ಇಟ್ಟುಕೋ, ಓದೋಕೆ ಸೊಗಸಾಗಿರುತ್ತೆ. ಅಡಿಗೆ ಪುಸ್ತಕ ಓದಿದರೆ ಹೊಟ್ಟೆ ತುಂಬಿತು ಅಂದುಕೊಳ್ಳಬೇಡ ಅಷ್ಟೆ. ನಿನಗೆ ಬೇಕಾದ್ದು ಅವರ ದಿನಚರಿಯಲ್ಲಿ ಇಲ್ಲ, ಅವರು ಅಳಿಸಿದ್ದರಲ್ಲಿ ಇದೆ. ಅದು ಸಿಗೋದಿಲ್ಲ. ಹಲಗೆ ಒರೆಸಿಬಿಟ್ಟರು. ಅಚ್ಚುಮೊಳೆಯ ಕಾಲದಲ್ಲಿ ಸ್ವಲ್ಪ ಸಿಗುತ್ತಿತ್ತು. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲು, ಮೇಲೆ ಬರೆದ ಇನ್ನೊಂದು, ಅದನ್ನೂ ಹೊಡೆದು ಅಂಚಿನಲ್ಲಿ ಮೂರನೆಯದು. ಮೊಳೆ ಜೋಡಿಸುವವನಿಗೆ ಅದು ತಲೆನೋವು. ನನಗೆ ಅದೇ ಪಾಠಶಾಲೆ. ಇಂಥ ವಿಶೇಷಣ ತೆಗೆದರು, ಇಂಥ ಮಾತು ಇಟ್ಟರು, ಯಾಕೆ ಅಂತ ಯೋಚಿಸುತ್ತಾ ರಾತ್ರಿ ಸೈಕಲ್ ತುಳಿದು ಮನೆಗೆ ಹೋಗುತ್ತಿದ್ದೆ. ಕಂಪ್ಯೂಟರ್ ಬಂದ ಮೇಲೆ ಎಲ್ಲರೂ ಕುಮಾರವ್ಯಾಸರಾದರು. ಬರೋ ಪ್ರತಿಯೆಲ್ಲ ಶುದ್ಧ, ಒಂದು ಗೀಟೂ ಇಲ್ಲ. ಹಾಗಂತ ಅವರು ತಿದ್ದಿಲ್ಲ ಅಂತಲ್ಲ. ತಿದ್ದಿದ್ದು ಯಾರಿಗೂ ಕಾಣೋದಿಲ್ಲ, ಕೆಲವು ದಿನ ಕಳೆದರೆ ಬರೆದವರಿಗೂ ಕಾಣೋದಿಲ್ಲ.

ವೀಣಾ: ನನ್ನ ತೊಂದರೆ ಉಲ್ಟಾ. ನಾನು ಮೊದಲ ಅಧ್ಯಾಯವನ್ನೇ ತಿದ್ದುತ್ತಾ ಕೂತಿದ್ದೀನಿ. ಎರಡನೆಯದು ಶುರು ಮಾಡೋ ಹೊತ್ತಿಗೆ ಮೊದಲನೆಯದು ಕೆಟ್ಟದ್ದು ಅನ್ನಿಸುತ್ತೆ, ಮತ್ತೆ ವಾಪಸ್ ಹೋಗುತ್ತೀನಿ. ಸ್ಕ್ರೀನಿನ ಮೇಲೆ ಅಳಿಸೋದು ಎಷ್ಟು ಸುಲಭ ಅಂದರೆ, ಅಳಿಸೋದೇ ಬರೆಯೋದು ಅನ್ನಿಸಿಬಿಟ್ಟಿದೆ.

ರಾಮಣ್ಣ: ಇದನ್ನು ಮೊದಲೇ ಹೇಳಬೇಕಿತ್ತು, ಟ್ರಾಲಪ್‌ನನ್ನು ಕರೆದುಕೊಂಡು ಬರೋ ಬದಲು.

ವೀಣಾ: ಹೇಳೋಕೆ ನಾಚಿಕೆ ಆಯಿತು.

ರಾಮಣ್ಣ: ಹಲಗೆಯ ಮೇಲೆ ಜಾಗ ಸ್ವಲ್ಪವೇ ಇತ್ತು ಕಣಮ್ಮ. ಒಂದಿಷ್ಟು ಪದ್ಯ ಆದ ಮೇಲೆ ಗರಿಗೆ ಇಳಿಸಿ ಒರೆಸಲೇಬೇಕು, ಇಲ್ಲದಿದ್ದರೆ ಮುಂದಿನದಕ್ಕೆ ಜಾಗ ಇಲ್ಲ. ಆ ಇಕ್ಕಟ್ಟೇ ಅವರನ್ನು ಮುಂದೆ ತಳ್ಳುತ್ತಿತ್ತು ಅಂತ ನನ್ನ ಊಹೆ. ನಿನ್ನ ಹಲಗೆಗೆ ಅಂಚೇ ಇಲ್ಲ. ಅದಕ್ಕೆ ಅಂಚು ನೀನೇ ಹಾಕಿಕೊಳ್ಳಬೇಕು. ಬೆಳಗ್ಗೆಯೋ ರಾತ್ರಿಯೋ, ಅದು ನಿನ್ನ ಮನೆಯವರನ್ನೂ ಬ್ಯಾಂಕಿನವರನ್ನೂ ಕೇಳಿ ತೀರ್ಮಾನಿಸು, ಸತ್ತ ಇಂಗ್ಲಿಷಿನವನನ್ನು ಕೇಳಬೇಡ.

ವೀಣಾ: ಮೊದಲ ಅಧ್ಯಾಯ ತಂದಿದ್ದೀನಿ, ಚೀಲದಲ್ಲಿದೆ. ಒಮ್ಮೆ ನೋಡುತ್ತೀರಾ?

ರಾಮಣ್ಣ: ನೋಡೋದಿಲ್ಲ. ನಾನು ನೋಡಿದರೆ ನೀನು ಮತ್ತೆ ಅದನ್ನೇ ತಿದ್ದುತ್ತೀ. ಪೂರ್ತಿ ಮುಗಿಸು, ಕೆಟ್ಟದಾಗಿದ್ದರೂ ಸರಿ. ಮುಗಿದ ಮೇಲೆ ಪ್ರಿಂಟ್ ತೆಗೆಸಿ ತಾ. ಸಾಲುಗಳ ನಡುವೆ ಜಾಗ ಬಿಟ್ಟಿರಬೇಕು, ಎಡಗಡೆ ಅಂಚು ಅಗಲ ಇರಬೇಕು, ಪುಟಸಂಖ್ಯೆ ಹಾಕಿರಬೇಕು. ಅರ್ಧ ಕಾದಂಬರಿಗೆ ನಾನು ಕರಡು ತಿದ್ದೋದಿಲ್ಲ.